ತಲೆಬರಹದ ನಕಲು

ಬೀಗದಕ್ಕ ಅನ್ನೋ ಹೆಸರು ಹೆತ್ತವರು ಇಟ್ಟಿದ್ದಲ್ಲ. ಗಂಟಲು ಕೆಟ್ಟವರಿಗೆ ಮಾತು ಕಲಿಸುವ ಕೇಂದ್ರವೊಂದರಲ್ಲಿ ಅವಳು ಕೆಲಸಕ್ಕಿದ್ದಳು. ಸಂಜೆ ಎಲ್ಲರೂ ಹೊರಟ ಮೇಲೆ ಒಂದೊಂದು ಬಾಗಿಲಿಗೂ ಹೋಗಿ ಬೀಗ ಎಳೆದು ನೋಡುವಳು. ಎಳೆದು, ಮೆಟ್ಟಿಲಿಳಿದು, ಬೀದಿಗೆ ಕಾಲಿಟ್ಟ ಮೇಲೆ ಅನುಮಾನ ಬಂದು ಮತ್ತೆ ಹತ್ತುವಳು. ಮಂಡಿನೋವು ಶುರುವಾದ ಮೇಲೂ ಈ ಚಾಳಿ ಬಿಡಲಿಲ್ಲ. ಇವಳು ಬೀಗ ಹಾಕಿದ್ದಾಳೋ, ಬೀಗವೇ ಇವಳನ್ನು ಹಾಕಿಕೊಂಡಿದೆಯೋ ಅಂತ ಅಲ್ಲಿನವರು ನಗುತ್ತಿದ್ದರು.

ಗಂಡ ಕಣ್ಣುಮುಚ್ಚಿದ ವರ್ಷ ಕಸ ಗುಡಿಸಲು ಸೇರಿದವಳು. ಆಮೇಲೆ ಸರತಿ ಕರೆಯುವುದು ಅವಳ ಪಾಲಿಗೆ ಬಂತು. ಆಮೇಲೆ ಮಾತು ತುಂಬುವ ಕೋಣೆಯೂ ಬಂತು. ಗಂಟಲಿನ ಆಪರೇಷನ್ ಆಗಿ ದನಿ ಹೋಗಲಿರುವವರು ಮೊದಲೇ ಬಂದು, ದಪ್ಪ ಬಟ್ಟೆ ಹೊದಿಸಿದ ಆ ಕೋಣೆಯಲ್ಲಿ ಕೂತು, ಮೈಕಿನ ಮುಂದೆ ಮನೆಮಾತುಗಳನ್ನೆಲ್ಲ ಆಡಿ ಹೋಗುತ್ತಾರೆ. ನೀರು ಕೊಡು, ಬೆನ್ನು ಕೆರಿ, ಫೋನ್ ಇಡು, ಇಂಥವೇ. ಆಪರೇಷನ್ ಆದ ಮೇಲೆ ಅಂಗೈಯಗಲದ ಯಂತ್ರವೊಂದಕ್ಕೆ ಆ ಮಾತುಗಳನ್ನು ತುಂಬಿ ಕೊಡುತ್ತಾರೆ. ಗುಂಡಿ ಒತ್ತಿದರೆ ಅವರದೇ ದನಿ. ಬಾಯಿ ಬೇರೆ, ದನಿ ಅದೇ.

ಜನ ಅಲ್ಲಿ ಏನೇನು ಹೇಳಿ ಹೋಗುತ್ತಾರೋ. ಕೆಲವರು ಹೆಂಡತಿಯನ್ನು ಹೊರಗೆ ಕಳಿಸಿ ಹೇಳುತ್ತಾರೆ, ಕೆಲವರು ಅತ್ತು ಹೇಳುತ್ತಾರೆ. ಅದು ಬೇರೆಯವರ ಕಿವಿಗೆ ಬೀಳಬಾರದೆಂದು, ಅದನ್ನೆಲ್ಲ ತುಂಬಿಡುವ ಕಂಪ್ಯೂಟರಿನ ಇಡೀ ಹಾರ್ಡ್‌ಡಿಸ್ಕಿಗೇ ಬೀಗ. ಅದನ್ನು ಮಾಡಿಕೊಟ್ಟವರು ಲಿನಕ್ಸ್ ಮೇಷ್ಟ್ರು. ವಿಂಡೋಸ್ ಬದಲು ಲಿನಕ್ಸ್ ಹಾಕಿ ಆ ಕಂಪ್ಯೂಟರನ್ನು ಕೂರಿಸಿದ್ದೂ ಅವರೇ. ಕಲಿಯೋರು ಯಾರಿದ್ದೀರಿ ಅಂದಾಗ ಎಲ್ಲರೂ ಗಡಿಯಾರ ನೋಡಿಕೊಂಡರು. ಬೀಗ ಅಂದಿದ್ದಕ್ಕೆ ಇವಳು ಮುಂದೆ ಬಂದಳು.

ಮೇಷ್ಟ್ರು ಒಗಟು ಮಾಡಲಿಲ್ಲ, ಟ್ರಂಕಿನ ಲೆಕ್ಕದಲ್ಲಿ ಹೇಳಿದರು. ಡಿಸ್ಕು ಒಂದು ಟ್ರಂಕು. ಅದರ ನಿಜವಾದ ಬೀಗದಕೈ ಮನುಷ್ಯರ ನೆನಪಿಗೆ ಹಿಡಿಸದಷ್ಟು ಉದ್ದ. ಅದಕ್ಕೇ ಆ ಕೀಲಿಯನ್ನು ಟ್ರಂಕಿನ ಮುಚ್ಚಳದಲ್ಲೇ ಒಂದು ಪುಟ್ಟ ಡಬ್ಬಿಯೊಳಗೆ ಇಟ್ಟಿರುತ್ತಾರೆ. ನಾವು ಹೊಡೆಯುವ ಪಾಸ್‌ವರ್ಡ್ ತೆಗೆಯುವುದು ಆ ಡಬ್ಬಿಯನ್ನು ಮಾತ್ರ. ಡಬ್ಬಿ ಜಜ್ಜಿಹೋದರೆ ಪಾಸ್‌ವರ್ಡ್ ನೆನಪಿದ್ದೂ ದಂಡ, ಟ್ರಂಕು ಒಳಗೆ ನೆಟ್ಟಗಿದ್ದೂ ದಂಡ. ಡಿಸ್ಕಿನ ನೆತ್ತಿಯಲ್ಲಿರುವ ಆ ಡಬ್ಬಿಗೆ ಇಂಗ್ಲಿಷಿನಲ್ಲಿ ಹೆಡರ್ ಅಂತಾರೆ, ನಮ್ಮ ಮಾತಲ್ಲಿ ತಲೆಬರಹ ಅಂತಿಟ್ಟುಕೊಳ್ಳಿ ಅಂದರು.

ಬೀಗದಕ್ಕನಿಗೆ ನಗು ತಡೆಯಲಾಗಲಿಲ್ಲ. "ಇದಕ್ಕೂ ತಲೆಬರಹ ಇದೆಯಾ ಮೇಷ್ಟ್ರೇ?"

"ಇದೆಯಮ್ಮ. ನಮ್ಮದಕ್ಕೆ ನಕಲಿಲ್ಲ, ಇದಕ್ಕೆ ನಕಲು ತೆಗೆದಿಟ್ಕೋಬಹುದು. ಅಷ್ಟೇ ವ್ಯತ್ಯಾಸ."

ಎರಡು ಬುದ್ಧಿಮಾತು ಹೇಳಿ ಹೋದರು. ತಲೆಬರಹದ ನಕಲನ್ನು ಅದೇ ಡಿಸ್ಕಿನಲ್ಲಿ ಇಡಬೇಡಿ, ಅದೇ ಕಟ್ಟಡದಲ್ಲೂ ಬೇಡ. ಮನೆಯ ಬೀಗದಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗಾಗುತ್ತೆ. ಇನ್ನೊಂದು, ಪಾಸ್‌ವರ್ಡ್ ಬದಲಿಸಿದಾಗೆಲ್ಲ ಹೊಸ ನಕಲು ತೆಗೆದು ಹಳೆಯದನ್ನು ಪುಡಿ ಮಾಡಿ. ಮೊದಲನೆಯದನ್ನು ಬೀಗದಕ್ಕ ಅವತ್ತೇ ನಡೆಸಿದಳು. ನಕಲನ್ನು ಪೆನ್‌ಡ್ರೈವಿಗೆ ಹಾಕಿ, ಬಟ್ಟೆ ಹೊಲಿಯುವ ಮಗಳ ಮನೆಯಲ್ಲಿ ಗುಂಡಿಗಳ ಡಬ್ಬಿಯೊಳಗೆ ಇಡಿಸಿದಳು. ಎರಡನೆಯದು ಬಾಕಿ ಉಳಿಯಿತು.

ಅದು ಉಳಿದದ್ದಕ್ಕೂ ಒಂದು ಕಥೆ ಇದೆ. ಮೊದಲ ಪಾಸ್‌ವರ್ಡಿಗೆ ಅವಳು ಆರಿಸಿದ್ದು ತನ್ನ ತಾಯಿಯ ಬಾಯಲ್ಲಿ ಹಗಲೂ ರಾತ್ರಿ ಇರುತ್ತಿದ್ದ ಗಾದೆ: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕನ್ನಡವೇ, ಆದರೆ ಅಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ನಡೆಯುವುದರಿಂದ ಎ ಬಿ ಸಿ ಡಿಯಲ್ಲಿ ಹೊಡೆಯಬೇಕು. ಗುಟ್ಟಿಗೆ ಇದಕ್ಕಿಂತ ಒಳ್ಳೆ ಗಾದೆ ಬೇಕೇ. ತಾಪತ್ರಯ ಏನಾಯಿತೆಂದರೆ, ಅವಳು ಅದನ್ನು ತುಟಿ ಅಲ್ಲಾಡಿಸಿ ಗಟ್ಟಿಯಾಗಿ ಹೇಳಿಕೊಂಡೇ ಹೊಡೆಯುವಳು. ಬೆಂಚಿನ ಮೇಲೆ ಸರತಿಗೆ ಕೂತವರಿಗೆಲ್ಲ ಅದು ಬಾಯಿಪಾಠವಾಯಿತು. ಒಂದು ದಿನ ಮಾತಿನ ಮೇಡಂ, ಅಂದರೆ ಅಲ್ಲಿ ಮಾತು ಕಲಿಸುವ ಹೆಂಗಸು, ಬೀಗದಕ್ಕ ನಿಮ್ಮ ಮಾತು ಆಡಿದ್ದಾಯ್ತು, ಗುಟ್ಟು ಹೋಗಿದ್ದೂ ಆಯ್ತು, ಬದಲಾಯಿಸಿ ಅಂದರು. ಬದಲಾಯಿಸಿದಳು. ನಕಲು ತೆಗೆಯಬೇಕು ಅನ್ನುವಷ್ಟರಲ್ಲಿ ಮನೆಯಿಂದ ಫೋನು. ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಅಲ್ಲಿಂದ ಮುದುಕಿ ಹಾಸಿಗೆ ಹಿಡಿದಳು. ನಕಲಿನ ಮಾತು ಇವತ್ತು ನಾಳೆ ಅನ್ನುತ್ತ ಹೋಯಿತು. ಮನೆಯಲ್ಲಿ ಎತ್ತಿ ಕೂರಿಸಿ, ಒರೆಸಿ, ತಿನ್ನಿಸಿ ಬರುವ ಹೆಂಗಸಿಗೆ ಕೆಲಸದ ಜಾಗದಲ್ಲಿ ಕುರ್ಚಿ ಸಿಕ್ಕರೆ ಸಾಕಾಗಿತ್ತು.

ಹೀಗಿರುವಾಗ ಕಹಳೆಯ ದನಿ ಹೋಯಿತು.

ಕಹಳೆ ಅಂದರೆ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಅವನು ಕೂಗಿದರೆ ಆಚೆ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು, ಅದಕ್ಕೇ ಆ ಅಡ್ಡಹೆಸರು. ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿಗೆ ಮೊದಲು ಬಂದು ಕೋಣೆಯಲ್ಲಿ ಕೂತು ಮಾತುಗಳನ್ನು ತುಂಬಿ ಹೋದ. ಆಪರೇಷನ್ ಮುಗಿದು ಮನೆಗೂ ಬಂದ. ಸ್ವಂತ ದನಿಯ ಯಂತ್ರ ಕೈಗೆ ಬರುವವರೆಗೆ ಇರಲಿ ಅಂತ ಕೇಂದ್ರದವರು ಕಂಪನಿಯ ದನಿ ಇರುವ ಯಂತ್ರ ಕೊಟ್ಟಿದ್ದರು. ಅವನು ಅದನ್ನು ಮುಟ್ಟಲೂ ಇಲ್ಲ, ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಬರೆದು ತೋರಿಸಿ ಅಂದರೆ ಬರೆಯಲೂ ಇಲ್ಲ. ಹೆಂಡತಿಯೂ ಹಟ ಹಿಡಿದಳು. ಆ ಯಂತ್ರದ ಗಂಡಸು ನಮ್ಮನೆಯೊಳಗೆ ಬೇಡ, ನನ್ನ ಗಂಡನ ದನಿ ಕೊಡಿ ಅಂದಳು.

ಕೊಡಬೇಕಾದ ವಾರದಲ್ಲೇ ಬೀಗದಕ್ಕ ತಾಯಿಯ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದಳು. ಪಾಪ, ಆ ಹೆಂಗಸು ಬಂದು ಬಂದು ಹೋಗ್ತಿದ್ದಾಳಲ್ಲ ಅಂತ ಲಿನಕ್ಸ್ ಗೊತ್ತಿಲ್ಲದ ಮಾತಿನ ಮೇಡಂ ತಾವೇ ಡಿಸ್ಕನ್ನು ಬಿಚ್ಚಿ ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಅದು ಬೇರೆ ಜಾತಿಯ ಕಂಪ್ಯೂಟರು, ಲಿನಕ್ಸಿನ ಬೀಗದ ಗುರುತು ಅದಕ್ಕಿಲ್ಲ. ಬೀಗ ಹಾಕಿದ ಟ್ರಂಕನ್ನು ಅದು ಖಾಲಿ ಟ್ರಂಕು ಅಂತ ತಿಳಿಯಿತು. ಇದು ಹೊಸ ಡಿಸ್ಕು, ಬಳಕೆಗೆ ಸಿದ್ಧ ಮಾಡಲೇ ಅಂತ ಕೇಳಿತು. ಮೇಡಂ ಹೂಂ ಅಂದರು. ಕ್ಷಣ ಮಾತ್ರದ ಕೆಲಸ. ಡಿಸ್ಕಿನ ನೆತ್ತಿಯ ಮೇಲೆ ತನ್ನ ಅಕ್ಷರ ಬರೆದುಬಿಟ್ಟಿತು.

ಬೀಗದಕ್ಕ ರಜೆ ಮುಗಿಸಿ ಬಂದಾಗ ಮೇಡಂ ಬಾಗಿಲಲ್ಲೇ ನಿಂತಿದ್ದರು. ಬಿಚ್ಚಿದ ಡಿಸ್ಕು ಕೈಯಲ್ಲಿತ್ತು. "ಬಾಗಿಲಿಗೆ ಬಂದವರನ್ನ ಒಳಗೆ ಬರ್ತೀರಾ ಅಂತ ಕೇಳಿದ ಹಾಗೆ ಕೇಳ್ತು ಬೀಗದಕ್ಕ. ಬೇಡ ಅನ್ನೋಕೆ ನನಗೆ ತೋಚಲಿಲ್ಲ."

ಬೈಯಲು ಬೀಗದಕ್ಕನಿಗೆ ಶಕ್ತಿ ಇರಲಿಲ್ಲ. ಡಿಸ್ಕಿನ ಮೈಮೇಲೆ ಮುಟ್ಟಬೇಡಿ ಅಂತ ಒಂದು ಚೀಟಿ ಅಂಟಿಸದೇ ಹೋದದ್ದು ತಾನೇ. ಎಲ್ಲದರ ನಕಲಿಗೆ ಅಂತ ಇನ್ನೊಂದು ಡಿಸ್ಕು ಇದ್ದದ್ದೇನೋ ನಿಜ, ಆದರೆ ಕಹಳೆ ಬರುವ ಮೊದಲೇ ಅದು ತುಂಬಿಹೋಗಿತ್ತು. ಹೊಸದು ತರಿಸಿ ಅಂತ ಮೇಲಿನವರಿಗೆ ಹೇಳಿ ಹೇಳಿ ಅವಳ ನಾಲಗೆ ಸವೆದಿತ್ತು. ಈಗ ಕಹಳೆಯ ದನಿ ಈ ಲೋಕದಲ್ಲಿ ಇರುವುದು ಈ ಒಂದು ಡಿಸ್ಕಿನಲ್ಲಿ. ಮತ್ತೆ ಕೂರಿಸಿ ಮಾತಾಡಿಸೋಣ ಅಂದರೆ ಗಂಟಲೇ ಇಲ್ಲ.

ಮೊದಲು ಮೇಡಂ ಮನೆಯಿಂದ ಅವರ ಸ್ವಂತ ಡಿಸ್ಕು ತರಿಸಿದಳು. ಕೆಟ್ಟದ್ದನ್ನು ಕೆಟ್ಟ ಹಾಗೆಯೇ ಅದಕ್ಕೆ ನಕಲು ಇಳಿಸಲು ಬಿಟ್ಟಳು. ಮುರಿದ ಮೂಳೆಯನ್ನು ಎಳೆದು ನೋಡಬಾರದು, ಕೆಟ್ಟ ಡಿಸ್ಕಿನ ಮೇಲೆ ಕೈ ಪಳಗಿಸಬಾರದು ಅಂತ ಮೇಷ್ಟ್ರು ಹೇಳಿದ್ದರು. ಅದು ಆಮೆಯ ಹಾಗೆ ನಡೆಯುತ್ತಿರುವಾಗ ಬಸ್ಸು ಹತ್ತಿ ಮಗಳ ಮನೆಗೆ ಹೋದಳು.

ಮಗಳು ಹೊಲಿಗೆ ಮಿಶನ್ನಿನಿಂದ ಏಳಲಿಲ್ಲ. ಗುಂಡಿ ಡಬ್ಬಿಯನ್ನು ಕಾಲಲ್ಲಿ ಮುಂದೆ ತಳ್ಳಿದಳು. ಅಮ್ಮ ಬಂದದ್ದು ಮಗಳನ್ನ ನೋಡೋಕಲ್ಲ, ಗುಂಡಿ ಡಬ್ಬಿ ನೋಡೋಕೆ ಅಂತ ಚುಚ್ಚಿದಳು. ಆಮೇಲೆ ತಾಯಿಯ ಮುಖ ನೋಡಿ, ಅಜ್ಜಿಯನ್ನ ನಾಳೆ ನನ್ನ ಹತ್ರ ಬಿಟ್ಟು ಹೋಗಮ್ಮ, ನೀನು ಒಂದು ದಿನ ಮಲಗು ಅಂದಳು. ಬೀಗದಕ್ಕ ಡಬ್ಬಿಯೊಳಗೆ ಕೈಯಾಡಿಸುತ್ತ, ಆಗಲಿ ಕಣೆ, ಇದೊಂದು ಮುಗೀಲಿ ಅಂದಳು. ಅವಳ ಬಾಳೆಲ್ಲ ಇದೊಂದು ಮುಗೀಲಿ ಅನ್ನುವುದರಲ್ಲೇ ಸವೆದಿತ್ತು. ಪೆನ್‌ಡ್ರೈವು ಡಬ್ಬಿಯ ತಳದಲ್ಲಿತ್ತು, ಮೈಗೆಲ್ಲ ನೂಲು ಸುತ್ತಿಕೊಂಡು.

ಮರುದಿನ ಬೆಳಿಗ್ಗೆ ಪೆನ್‌ಡ್ರೈವಿನಲ್ಲಿದ್ದ ತಲೆಬರಹವನ್ನು ಡಿಸ್ಕಿನ ಮೇಲೆ ಬರೆಯದೆ, ಪಕ್ಕದಲ್ಲಿ ಹಿಡಿದು ತೋರಿಸಿ ಬೀಗ ತೆಗೆಯಲು ನೋಡಿದಳು. ಹಾಗೂ ಮಾಡಬಹುದು, ಒಪ್ಪಿಗೆಯಾದ ಮೇಲೆ ಬರೆದರಾಯಿತು. ಕಂಪ್ಯೂಟರು ತಲೆಬರಹದ ಗುರುತು ಹಿಡಿಯಿತು. ಪಾಸ್‌ವರ್ಡ್ ಕೇಳಿತು. ದಿನಾ ಹೊಡೆಯುವುದನ್ನೇ ಹೊಡೆದಳು. ಇಲ್ಲ ಅಂತು. ಕಣ್ಣೊರೆಸಿಕೊಂಡು ಒಂದೊಂದೇ ಅಕ್ಷರ ಹೊಡೆದಳು. ಇಲ್ಲ.

ಮೇಷ್ಟ್ರು ಈಗ ಬೇರೆ ಊರು ಸೇರಿದ್ದರು. ಫೋನು ಎತ್ತಿ ಎಲ್ಲವನ್ನೂ ಮೊದಲಿಂದ ಕೇಳಿಸಿಕೊಂಡರು.

"ಇದು ಹಳೇ ತಲೆಬರಹ ಕಣಮ್ಮ. ಇದು ಬರೆದ ದಿನ ಯಾವ ಮಾತಿತ್ತೋ ಅದೇ ಮಾತು ಬೇಕು. ಟ್ರಂಕಿನ ಕೀಲಿ ಬದಲಾಗಿಲ್ಲ, ಹೆದರಬೇಡಿ. ಆದ್ರೆ ಆ ಡಬ್ಬಿಗೆ ನಿಮ್ಮ ಹೊಸ ಪಾಸ್‌ವರ್ಡ್ ಗೊತ್ತಿಲ್ಲ."

"ಹಳೇದು ನಿಮಗೇನಾದ್ರೂ ನೆನಪಿದೆಯಾ?"

"ನೀವು ಹೊಡೆಯೋವಾಗ ನಾನು ಗೋಡೆ ನೋಡ್ತಾ ನಿಂತಿದ್ದೆ. ನೀವೇ ತಾನೇ ನಿಲ್ಲಿಸಿದ್ದು."

ನಿಲ್ಲಿಸಿದ್ದು ನಿಜ.

ಗಾದೆ ಮರೆತಿರಲಿಲ್ಲ, ಅದು ತಾಯಿಯ ಹಾಲಿನ ಜೊತೆ ಬಂದದ್ದು. ಮರೆತದ್ದು ಕಾಗುಣಿತ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದಕ್ಕೆ ಯಾವ ಶಾಲೆಯಲ್ಲಿ ಪಾಠ ಇದೆ? ಒಬ್ಬರದು ಒಂದು ದಾರಿ. ಮಾತು ಅನ್ನುವುದಕ್ಕೆ ಎ ಒಂದೋ ಎರಡೋ, ಟಿ ಆದಮೇಲೆ ಎಚ್ ಇತ್ತೋ ಇಲ್ಲವೋ. ಮುತ್ತು ಅನ್ನುವಲ್ಲಿ ಒತ್ತಕ್ಷರಕ್ಕೆ ಏನು ಮಾಡಿದ್ದಳೋ. ಆಡಿದರೆ ಅಂತ ಪೂರ್ತಿಯೋ, ಆಡಿದ್ರೆ ಅಂತ ನುಂಗಿಯೋ. ಒಂದೊಂದು ಸಲ ಹೊಡೆದಾಗಲೂ ಕಂಪ್ಯೂಟರು ಉಸಿರು ಹಿಡಿದು ಕೂತು, ಆಮೇಲೆ ಇಲ್ಲ ಅನ್ನುವುದು. ಕಳ್ಳರಿಗೆ ಬೇಸರ ಬರಲಿ ಅಂತ ಬೇಕೆಂದೇ ನಿಧಾನ ಮಾಡಿಟ್ಟಿರುತ್ತಾರಂತೆ. ಬೇಸರ ಬಂದದ್ದು ಬೀಗ ಹಾಕಿದವಳಿಗೇ.

ಕಹಳೆಯ ಹೆಂಡತಿ ಅವತ್ತೂ ಬಂದು ಬೆಂಚಿನ ಮೇಲೆ ಕೂತಳು. ಅವಳಿಗೆ ಸುಳ್ಳು ಹೇಳಲು ಬೀಗದಕ್ಕನಿಗೆ ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳು ಅಳಲಿಲ್ಲ, ಚೀಲದಿಂದ ಬಟಾಣಿ ತೆಗೆದು ಸುಲಿಯುತ್ತ ಕೂತಳು. ಸುಲಿಯುತ್ತಲೇ ಮನೆ ಸುದ್ದಿ ಹೇಳಿದಳು. ನಮ್ಮ ಜಗಳ ನೀವು ಕೇಳಬೇಕಿತ್ತು ಬೀಗದಕ್ಕ, ಎಷ್ಟೇ ಜಗಳವಾದರೂ ನಮ್ಮನೆಯವರು ಕೊನೆಗೆ ಹರಾಜಿಗೆ ಬಂದು ನಿಲ್ಲೋರು. ಒಂದು ಸಾರಿ ಅನ್ನೋರು, ಎರಡು ಸಾರಿ ಅನ್ನೋರು, ಆಮೇಲೆ ನನ್ನ ಮುಖ ನೋಡ್ತಾ ನಿಲ್ಲೋರು. ಮೂರು ಸಾರಿ ಅಂತ ನಾನೇ ಹೇಳಬೇಕು. ಹೇಳಿದರೆ ಜಗಳ ಮುಗೀತು. ಹೇಳದೇ ಹೋದರೆ ಬೆಳಗಾದ ಮೇಲೂ ಹಾಗೇ ನಿಂತಿರುತ್ತಿತ್ತು. ಮಂಡಿಯಲ್ಲಿ ಮೂರು ಸಾರಿ ಅಂತ ಕಟ್ಟಿ ಮುಗಿಸೋ ಗಂಡಸು ಮನೇಲಿ ಒಂದು ದಿನವೂ ತಾನಾಗಿ ಮೂರು ಅಂದಿಲ್ಲ.

ಆಪರೇಷನ್ನಿಗೆ ಹೊರಟ ಬೆಳಿಗ್ಗೆಯೂ ಇವರಿಬ್ಬರದು ಜಗಳವೇ ಆಗಿತ್ತಂತೆ, ಯಾವುದೋ ಸಣ್ಣ ವಿಷಯಕ್ಕೆ. ಅವನು ಎರಡು ಸಾರಿ ಅಂದಿದ್ದ. ಆಟೋ ಬಂತು. ಇವಳು ಮೂರು ಅಂದಿರಲಿಲ್ಲ.

ಬೀಗದಕ್ಕ ಕಂಪ್ಯೂಟರಿನ ಕಡೆ ತಿರುಗಿದಳು. ಮತ್ತೆ ಎ ಒಂದು, ಎ ಎರಡು. ಬೆರಳು ಮರಗಟ್ಟಿದವು. ತಾಯಿಯ ಕಣ್ಣಿಗೆ ಹನಿ ಬಿಡುವ ಹೊತ್ತಾಯಿತು, ಪಕ್ಕದ ಮನೆಯವಳು ಬಿಟ್ಟಿರುತ್ತಾಳೋ ಇಲ್ಲವೋ. ಊಟದ ಡಬ್ಬಿ ತೆಗೆಯದೇ ಆರಿತ್ತು. ಮೇಡಂ ತಮ್ಮ ಕೋಣೆಯಿಂದ ಎದ್ದೆದ್ದು ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಬಿಸಿಲು ಗೋಡೆ ಇಳಿದು ನೆಲಕ್ಕೆ ಬಂದಾಗ ಬೀಗದಕ್ಕ ಕೈ ಎರಡನ್ನೂ ಮಡಿಲಲ್ಲಿ ಹಾಕಿಕೊಂಡಳು. ಬೆಂಚಿನ ಕಡೆ ತಿರುಗಲೂ ಇಲ್ಲ.

"ಓಯ್ತು ಕಣಮ್ಮ," ಅಂದಳು. "ಎಲ್ಲಾ ಓಯ್ತು."

ಬಾಗಿಲಲ್ಲಿದ್ದ ಮೇಡಂ ತಲೆ ಎತ್ತಿದರು. ಮಾತು ಕಲಿಸುವವರ ಕಿವಿ ಅದು, ಅಕ್ಷರ ಬಿದ್ದರೆ ಸದ್ದಾಗುತ್ತೆ.

"ಬೀಗದಕ್ಕ, ಈಗ ಏನಂದ್ರಿ?"

"ಏನಂದೆ? ಓಯ್ತು ಅಂದೆ."

"ನಿಮ್ಮ ಹಕಾರ ಎಲ್ಲಿ?"

ಬೀಗದಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ತವರಿನಲ್ಲಿ ಯಾರ ಬಾಯಿಗೂ ಹಕಾರ ಬರುತ್ತಿರಲಿಲ್ಲ. ಹಾಲು ಆಲು, ಹೂವು ಊವು, ಹೋಯ್ತು ಓಯ್ತು. ಇಲ್ಲಿಗೆ ಬಂದ ಮೇಲೂ ಬಹಳ ದಿನ ಅವಳೂ ಹಾಗೇ ಆಡುತ್ತಿದ್ದಳು. ಸರತಿ ಕರೆಯುವವಳ ಮಾತು ಚೊಕ್ಕ ಇರಲಿ ಅಂತ ಮೇಡಮ್ಮೇ ಬಿಡುವಿನಲ್ಲಿ ಕೂರಿಸಿ, ಬಾಯಿಯ ಮುಂದೆ ಅಂಗೈ ಹಿಡಿಸಿ, ಉಸಿರು ಅಂಗೈಗೆ ತಾಗಬೇಕು ನೋಡಿ, ಹ, ಹಾ, ಹೋ ಅಂತ ತಿದ್ದಿದ್ದರು. ತಿದ್ದಿದ್ದು ಯಾವಾಗ? ಮೇಷ್ಟ್ರು ಬಂದು ಹೋದ ಮೇಲೆ. ಆ ಪಾಸ್‌ವರ್ಡ್ ಹೊಡೆದ ದಿನ ಅವಳ ಬಾಯಲ್ಲಿ ಹಕಾರವೇ ಇರಲಿಲ್ಲ. ಬಾಯಲ್ಲಿ ಇಲ್ಲದ್ದು ಬೆರಳಿಗೆ ಎಲ್ಲಿಂದ ಬರಬೇಕು? ಇವತ್ತು ಬೆಳಗಿನಿಂದ ಅವಳು ಹೊಡೆದದ್ದೆಲ್ಲ ತಿದ್ದಿಸಿಕೊಂಡ ಬಾಯಿಯ ಗಾದೆ. ಡಬ್ಬಿ ಕಾಯುತ್ತಿದ್ದದ್ದು ತಿದ್ದದ ಬಾಯಿಗೆ.

"ಹಳೇ ತಲೆಬರಹಕ್ಕೆ ಹಳೇ ತಪ್ಪೇ ಬೇಕೇನೋ," ಅಂದಳು ಮೆಲ್ಲಗೆ.

ಮೇಡಂ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ನೀವು ಯೋಚನೆ ಮಾಡಬೇಡಿ, ಕಣ್ಣು ಮುಚ್ಚಿ ನಿಮ್ಮಮ್ಮ ಹೇಳೋ ಹಾಗೆ ಹೇಳಿ, ಮೊದಲಿನ ಹಾಗೆ ಹೇಳಿಕೊಂಡೇ ಹೊಡೀರಿ ಅಂದರು. ಗುಟ್ಟು ಕೇಳಿಸಿಕೊಳ್ಳಬಾರದು ಅಂತ ಗೋಡೆಯ ಕಡೆ ತಿರುಗಲು ಹೋದವರು, ಈಗ ಅದರಲ್ಲಿ ಏನು ಉಳಿದಿದೆ ಅನ್ನಿಸಿ ತಿರುಗಲಿಲ್ಲ. ಬೀಗದಕ್ಕ ಕಣ್ಣು ಮುಚ್ಚಿದಳು. ಮಾತು ಆಡಿದ್ರೆ ಓಯ್ತು, ಮುತ್ತು ಒಡೆದ್ರೆ ಓಯ್ತು. ಇಲ್ಲ ಅಂತು. ಮುತ್ತಿನ ಒತ್ತು ಬದಲಿಸಿ ಇನ್ನೊಮ್ಮೆ. ಇಲ್ಲ. ಮಾತಿನ ಎ ಒಂದು ಕಳೆದು ಇನ್ನೊಮ್ಮೆ.

ಕಂಪ್ಯೂಟರು ಉಸಿರು ಹಿಡಿದು ಕೂತಿತು. ಆಮೇಲೆ ಏನೂ ಅನ್ನಲಿಲ್ಲ. ಲಿನಕ್ಸ್ ಹಾಗೆಯೇ, ಕೆಲಸ ಆಗದಿದ್ದರೆ ಗೊಣಗುತ್ತದೆ, ಆಯಿತೆಂದರೆ ಸುಮ್ಮನಿರುತ್ತದೆ.

ಬೀಗದಕ್ಕ ಆತುರ ಪಡಲಿಲ್ಲ. ಒಳಗೆ ಏನೂ ಬರೆಯದ ಹಾಗೆ, ನೋಡಲು ಮಾತ್ರ ತೆರೆದಳು. ಫೈಲುಗಳು ಇಟ್ಟಲ್ಲೇ ಇದ್ದವು, ಜಜ್ಜಿಹೋಗಿದ್ದು ಮುಚ್ಚಳ ಮಾತ್ರ. ಮೊದಲು ಕಹಳೆಯ ಮಾತುಗಳನ್ನು ಬೇರೆಡೆಗೆ ಇಳಿಸಿದಳು. ಆಮೇಲೇ ಹಳೆಯ ತಲೆಬರಹವನ್ನು ಡಿಸ್ಕಿನ ನೆತ್ತಿಗೆ ಬರೆದಳು. ಮೇಡಂ ಅಷ್ಟರಲ್ಲಿ ಯಂತ್ರಕ್ಕೆ ಮಾತು ತುಂಬಿ, ಕಹಳೆಯ ಹೆಂಡತಿಯನ್ನು ಕೋಣೆಯೊಳಗೆ ಕರೆದು ಕೂರಿಸಿದರು.

ನೀರು ಕೊಡು. ಫೋನ್ ಇಡು. ಸಾಕು ಬಿಡೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತ, ಅಂಗೈಯಲ್ಲಿ ಸುಲಿದ ಬಟಾಣಿ ಹಿಡಿದು ಕೂತಿದ್ದಳು. ಕೊನೆಯ ಗುಂಡಿ ಒತ್ತಿದಾಗ, ಬಟ್ಟೆ ಹೊದಿಸಿದ ಗೋಡೆಗಳೂ ನುಂಗಲಾಗದಷ್ಟು ಜೋರಾಗಿ ಬಂತು: ಒಂದು ಸಾರಿ. ಎರಡು ಸಾರಿ.

ಆಮೇಲೆ ಬರೀ ಉಸಿರು. ಮುಖ ನೋಡುತ್ತ ನಿಂತವನ ಉಸಿರು.

ಬಾಗಿಲಲ್ಲಿ ನಿಂತಿದ್ದ ಇಬ್ಬರೂ ಕಾದರು. ಅವಳು ಬಾಯಿ ತೆರೆದು ಮುಚ್ಚಿದಳು. ಯಂತ್ರವನ್ನು ಸೆರಗಲ್ಲಿ ಸುತ್ತಿಕೊಂಡು ಎದ್ದಳು.

"ಇಲ್ಲಿ ಹೇಳಲ್ಲ," ಅಂದಳು. "ಮನೇಲಿ ಅವರ ಮುಂದೇನೇ ಹೇಳ್ತೀನಿ."

ಅವಳು ಹೋದ ಮೇಲೆ ಮೇಡಂ, ಇನ್ನು ನಾಳೆ ನೋಡೋಣ, ಮನೆಗೆ ಹೋಗಿ ಬೀಗದಕ್ಕ ಅಂದರು. ನಾಳೆ ಅನ್ನುವ ಮಾತು ಕೇಳಿ ಬೀಗದಕ್ಕ ಕುರ್ಚಿಯಿಂದ ಏಳಲಿಲ್ಲ. ಹೊಸ ಪಾಸ್‌ವರ್ಡ್ ಹಾಕಿದಳು, ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಒಂದು ಸದ್ದೂ ಹೊರಗೆ ಬಾರದ ಹಾಗೆ. ಹಳೆಯ ಗಾದೆಯನ್ನು ಅಳಿಸಿದಳು. ಹೊಸ ತಲೆಬರಹದ ನಕಲನ್ನು ಬೇರೆ ಪೆನ್‌ಡ್ರೈವಿಗೆ ತೆಗೆದು, ಅದರಿಂದ ಒಂದು ಸಲ ತೆರೆದೂ ನೋಡಿ, ಕುಪ್ಪಸದೊಳಗಿನ ಪರ್ಸಿಗೆ ಹಾಕಿಕೊಂಡಳು. ನೂಲು ಸುತ್ತಿದ ಹಳೆಯದನ್ನು ಮೆಟ್ಟಿಲ ಮೇಲಿಟ್ಟು ಕಲ್ಲಿನಿಂದ ಜಜ್ಜಿದಳು. ಇಷ್ಟು ದಿನ ಕಾಪಾಡಿದ್ದಕ್ಕೆ ಇದೇ ಏನೋ ಅನ್ನಿಸಿತು. ಆದರೂ ಜಜ್ಜಿದಳು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಾಗ ತಾಯಿ ಕಣ್ಣಿನ ಮೇಲೆ ಹಸಿರು ಪಟ್ಟಿ ಕಟ್ಟಿಕೊಂಡು ಬಾಗಿಲ ಕಡೆ ಕಿವಿಕೊಟ್ಟು ಮಲಗಿದ್ದಳು. ಚಪ್ಪಲಿ ಸದ್ದಿನಲ್ಲೇ ಮಗಳ ಸುಸ್ತು ಅಳೆಯುವ ಮುದುಕಿ.

"ಏನು, ಕೆಲಸ ಓಯ್ತಾ?"

"ಇಲ್ಲಮ್ಮ, ಓಗ್ಲಿಲ್ಲ. ಉಳೀತು."

"ಬೀಗ ಆಕಿದ್ಯಾ?"

ಬೀಗದಕ್ಕ ನೆಲದ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟಳು. ಹಾಕಿದ್ದಳು. ಎಳೆದು ನೋಡಿದ್ದಳೋ ಇಲ್ಲವೋ ನೆನಪಿಗೆ ಬರಲಿಲ್ಲ. ಬೀದಿಯಿಂದ ತಿರುಗಿ ಮೆಟ್ಟಿಲು ಹತ್ತಿದ ಹಾಗಂತೂ ಇರಲಿಲ್ಲ. ಏಳಬೇಕು ಅಂದುಕೊಂಡಳು. ಮಂಡಿ ಒಪ್ಪಲಿಲ್ಲ. ತಾಯಿಯ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ನೀವುತ್ತ ನೀವುತ್ತ, ಕೂತಲ್ಲೇ ನಿದ್ದೆ ಹೋದಳು.